ಗ್ರಂಥಸೂಚೀಕಾರನ ಅಪರಾಧ: ಥಾಮಸ್ ಜೇಮ್ಸ್ ವೈಸ್‌ನ ಜೀವಿತ

ಸಣ್ಣ ಊರಿನ ಪುಸ್ತಕದಂಗಡಿಯ ವ್ಯಾಪಾರಿಯೊಬ್ಬನು ಯಾರ ಸಂಶಯಕ್ಕೂ ಒಳಗಾಗದ ಗಣ್ಯವ್ಯಕ್ತಿಯ ಅಪರಾಧವನ್ನು ಬಯಲಿಗೆಳೆಯುವುದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಬಳಕೆಯಲ್ಲಿರುವ ಕಥಾವಿನ್ಯಾಸ. ಇದಕ್ಕೆ ಹತ್ತಿರವಾದ ನಿಜಸಂಗತಿಯೊಂದು ಗ್ರಂಥಚರಿತ್ರೆಯಲ್ಲಿದೆ. ಅದು ನಡೆದುದು ಸಣ್ಣ ಊರಿನಲ್ಲಲ್ಲ, ಲಂಡನ್ ನಗರದಲ್ಲಿ. ಪತ್ತೆಗಿಳಿದವರು ಪುಸ್ತಕ ವ್ಯಾಪಾರದಲ್ಲಿದ್ದ ಇಬ್ಬರು ತರುಣರು. ಸಿಕ್ಕಿಬಿದ್ದವನು ಅಂದಿನ ಇಂಗ್ಲೆಂಡಿನ ಪ್ರಮುಖ ಗ್ರಂಥಸೂಚೀಕಾರನೆಂದು ಮಾನ್ಯನಾಗಿದ್ದ ಥಾಮಸ್ ಜೇಮ್ಸ್ ವೈಸ್.

ವೈಸ್ ಹುಟ್ಟಿದುದು 1859ರಲ್ಲಿ, ಗ್ರೇವ್ಸೆಂಡ್‌ನಲ್ಲಿ. ವಿಶ್ವವಿದ್ಯಾಲಯದ ಶಿಕ್ಷಣ ಪಡೆಯದ ಈತನು ಸುಗಂಧತೈಲಗಳ ವ್ಯಾಪಾರಸಂಸ್ಥೆಯೊಂದರಲ್ಲಿ ಗುಮಾಸ್ತನಾಗಿ ಸೇರಿ ಕ್ರಮೇಣ ಮೇಲೇರಿದನು. ಹಳೆಯ ಪುಸ್ತಕಗಳ ಸಂಗ್ರಹ ಈತನ ಹವ್ಯಾಸವಾಗಿತ್ತು. ಬ್ರೌನಿಂಗ್ ಮತ್ತು ಶೆಲ್ಲಿ ಸಂಘಗಳ ಸದಸ್ಯನಾಗಿ, ಅಪೂರ್ವ ಕೃತಿಗಳ ಯಥಾಪ್ರತಿ ಮುದ್ರಣದ ಹೊಣೆಯನ್ನು ನಿರ್ವಹಿಸಿದನು. ತಾನು ವಾಸಿಸಿದ ಬೀದಿಯ ಹೆಸರನ್ನೇ ಇಟ್ಟುಕೊಂಡು ಕಟ್ಟಿದ ಆ್ಯಶ್ಲಿ ಗ್ರಂಥಭಂಡಾರವು ವಿದ್ವಾಂಸರ ಆಕರಸ್ಥಾನವಾಯಿತು. ಅದರ ಸೂಚಿಯು 1922ರಿಂದ 1936ರವರೆಗೆ 11 ಸಂಪುಟಗಳಲ್ಲಿ ಪ್ರಕಟವಾಯಿತು. ಈತನು ಗ್ರಂಥಸೂಚೀ ಸಂಘದ ಅಧ್ಯಕ್ಷನಾದನು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಗೌರವಪದವಿಯೂ ಲಭಿಸಿತು.

ಈ ಕೀರ್ತಿಯ ಮರೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಸಾಮಾನ್ಯವಾಗಿ ನಕಲಿ ಪ್ರತಿಯು ಅಸಲಿನೊಡನೆ ಹೋಲಿಸಿದಾಗ ಸಿಕ್ಕಿಬೀಳುತ್ತದೆ. ವೈಸ್ ಅಸಲೇ ಇಲ್ಲದ ನಕಲನ್ನು ಸೃಷ್ಟಿಸಿದನು. ಪ್ರಸಿದ್ಧ ಕವಿಯ ಪ್ರಕಟಿತ ರಚನೆಯೊಂದನ್ನು ಆಯ್ದು, ಅದರ ನಿಜವಾದ ಮೊದಲ ಮುದ್ರಣಕ್ಕಿಂತ ಹಿಂದಿನ ವರ್ಷವನ್ನು ನಮೂದಿಸಿ, ಕಿರುಹೊತ್ತಗೆಯಾಗಿ ಅಚ್ಚು ಹಾಕಿಸುವುದು ಈತನ ಕ್ರಮ. ಪ್ರತಿಗಳನ್ನು ಬ್ರಿಟಿಷ್ ಮ್ಯೂಸಿಯಂನಲ್ಲಿ ಇರಿಸಿ, ತನ್ನ ಸೂಚಿಗಳಲ್ಲಿ ದಾಖಲಿಸಿದ ಮೇಲೆ ಅವುಗಳ ಅಸ್ತಿತ್ವವನ್ನು ಪ್ರಶ್ನಿಸುವವರೇ ಇರಲಿಲ್ಲ. ಅಮೆರಿಕದ ಸಂಗ್ರಾಹಕ ಜಾನ್ ಹೆನ್ರಿ ರೆನ್ ಈತನನ್ನು ಗೆಳೆಯನೆಂದು ನಂಬಿ ಕೊಂಡ ಗ್ರಂಥಗಳಲ್ಲಿಯೂ ಇಂಥವು ಸೇರಿದ್ದವು.

ಇವುಗಳಲ್ಲಿ ಅತಿ ಪ್ರಸಿದ್ಧವಾದುದು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಸುನೀತಗಳ ಹೊತ್ತಗೆ. ಅದು 1847ರಲ್ಲಿ ರೆಡಿಂಗ್ ಪಟ್ಟಣದಲ್ಲಿ ಖಾಸಗಿಯಾಗಿ ಅಚ್ಚಾಯಿತೆಂದು ಮುಖಪುಟ ಸಾರುತ್ತಿತ್ತು. ವಾಸ್ತವವಾಗಿ ಆ ಸುನೀತಗಳು ಮೊದಲು ಬೆಳಕು ಕಂಡುದು 1850ರಲ್ಲಿ.

ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ಎಂಬ ತರುಣ ಪುಸ್ತಕ ವ್ಯಾಪಾರಿಗಳಿಗೆ ಸಂಶಯ ಹುಟ್ಟಿದುದು ಸಣ್ಣ ಸಂಗತಿಯಿಂದ. ಇಂಥ ಪ್ರತಿಗಳಲ್ಲಿ ಕವಿಯ ಹಸ್ತಾಕ್ಷರವಾಗಲಿ, ಸ್ನೇಹಿತರಿಗೆ ಕಾಣಿಕೆಯಿತ್ತ ಬರಹವಾಗಲಿ ಇರಲಿಲ್ಲ, ಎಲ್ಲವೂ ಹೊಚ್ಚಹೊಸದರಂತಿದ್ದವು. ಅವರು ಕಾಗದವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷೆ ಮಾಡಿಸಿದರು. ಇಂಗ್ಲೆಂಡಿನಲ್ಲಿ ಮುದ್ರಣದ ಕಾಗದಕ್ಕೆ ಎಸ್ಪಾರ್ಟೊ ಹುಲ್ಲು ಬಳಕೆಗೆ ಬಂದುದು 1861ರ ಸುಮಾರಿಗೆ, ರಾಸಾಯನಿಕ ಕ್ರಮದಿಂದ ಪಡೆದ ಮರದ ತಿರುಳು ಬಂದುದು 1874ರ ಸುಮಾರಿಗೆ. 1847ರದೆಂಬ ಹೊತ್ತಗೆಯಲ್ಲಿ ಮರದ ತಿರುಳಿತ್ತು. ಅಚ್ಚುಮೊಳೆಗಳಲ್ಲಿನ ಎಫ್ ಮತ್ತು ಜೆ ಅಕ್ಷರಗಳ ವಿನ್ಯಾಸವೂ 1880ರ ನಂತರದ್ದಾಗಿತ್ತು. ಅದೇ ಮೊಳೆಗಳು ವೈಸ್ 1893ರಲ್ಲಿ ಹೊರತಂದ, ಮುದ್ರಕರ ಹೆಸರುಳ್ಳ ಯಥಾಪ್ರತಿಯೊಂದರಲ್ಲಿ ದೊರೆತವು. ಈತನ ಕಚೇರಿಯಲ್ಲಿ ಹಿಂದೆ ಆಳುಹುಡುಗನಾಗಿದ್ದು ಅನಂತರ ಪುಸ್ತಕದಂಗಡಿ ತೆರೆದ ಹರ್ಬರ್ಟ್ ಗಾರ್ಫಿನ್, ತನ್ನಲ್ಲಿದ್ದ ಹೊತ್ತಗೆಗಳ ದಾಸ್ತಾನು ವೈಸ್‌ನಿಂದಲೇ ಬಂದುದೆಂದು ತಿಳಿಸಿದನು. ತಾನು ಮಾರುತ್ತಿದ್ದುದು ಖೊಟ್ಟಿ ಸರಕೆಂಬುದು ಆತನಿಗೆ ಅದುವರೆಗೆ ತಿಳಿದಿರಲಿಲ್ಲ.

ಐವತ್ತರಷ್ಟು ಹೊತ್ತಗೆಗಳ ಪರಿಶೀಲನೆಯನ್ನೊಳಗೊಂಡ ಕಾರ್ಟರ್–ಪೊಲಾರ್ಡರ ಗ್ರಂಥವು 1934ರಲ್ಲಿ ಪ್ರಕಟವಾಯಿತು. ಅದು ವೈಸ್‌ನನ್ನು ನೇರವಾಗಿ ಅಪರಾಧಿಯೆಂದು ಕರೆಯದೆ, ಪ್ರಮಾಣಗಳನ್ನು ಒಂದರ ಪಕ್ಕ ಒಂದನ್ನಿರಿಸಿ ನಿರ್ಣಯವನ್ನು ಓದುಗನಿಗೆ ಬಿಟ್ಟಿತು. ವೃದ್ಧ ವೈಸ್ ಆ ಹೊತ್ತಗೆಗಳ ಮೂಲವನ್ನು ಅದಾಗಲೇ ತೀರಿಕೊಂಡಿದ್ದ ಗೆಳೆಯ ಹ್ಯಾರಿ ಬಕ್ಸ್ಟನ್ ಫೋರ್ಮನ್‌ನ ಮೇಲೆ ಹೊರಿಸಿದನು. ಸಮರ್ಪಕ ಉತ್ತರ ನೀಡದೆಯೇ 1937ರಲ್ಲಿ ನಿಧನನಾದನು. ಆ್ಯಶ್ಲಿ ಭಂಡಾರವು ಬ್ರಿಟಿಷ್ ಮ್ಯೂಸಿಯಂಗೆ ಸೇರಿತು. ಫೋರ್ಮನ್ ಕೂಡ ಪಾಲುದಾರನಾಗಿದ್ದನೆಂಬುದು 1945ರಲ್ಲಿ ಪ್ರಕಟವಾದ ದಾಖಲೆಯಿಂದ ಸ್ಥಿರಪಟ್ಟಿತು. 1950ರ ದಶಕದಲ್ಲಿ ಡೇವಿಡ್ ಫಾಕ್ಸನ್ ನಡೆಸಿದ ಸಂಶೋಧನೆಯು, ವೈಸ್ ಅದೇ ಮ್ಯೂಸಿಯಂನ ಹಳೆಯ ನಾಟಕಗ್ರಂಥಗಳಿಂದ ಹಾಳೆಗಳನ್ನು ಕದ್ದು ತನ್ನ ಅಪೂರ್ಣ ಪ್ರತಿಗಳನ್ನು ತುಂಬಿಸಿದ್ದನೆಂದು ತೋರಿಸಿತು.

ವೈಸ್‌ನ ಗ್ರಂಥಜ್ಞಾನ ಕಪಟವಾಗಿರಲಿಲ್ಲ. ಇತರರ ನಕಲಿಗಳ ವಿಷಯದಲ್ಲಿ ಈತನು ಎಚ್ಚರಿಕೆಯ ಮಾತನ್ನೂ ಆಡಿದ್ದನು. ಆ ಜ್ಞಾನ ತಂದ ಅಧಿಕಾರವೇ ಅಪರಾಧಕ್ಕೆ ರಕ್ಷೆಯಾಯಿತು. ಮೂಲಪ್ರತಿಯನ್ನು ಮುಟ್ಟಿ ನೋಡದೆ ಸೂಚಿಯಿಂದ ಸೂಚಿಗೆ ಉಲ್ಲೇಖಗಳನ್ನು ಸಾಗಿಸುವ ವಿದ್ವತ್ಪರಂಪರೆಯೂ ಅರಿಯದೆಯೇ ಅದಕ್ಕೆ ನೆರವಾಯಿತು. ಗ್ರಂಥಸಂಪಾದನೆಯಲ್ಲಿ ಹೇಳಿದವನ ಹಿರಿಮೆಯು ಪ್ರಮಾಣದ ಸ್ಥಾನವನ್ನು ತುಂಬಲಾರದೆಂಬುದಕ್ಕೆ, ಕಾಗದದ ನಾರೊಂದು ಉರುಳಿಸಿದ ಈ ಕೀರ್ತಿಗಿಂತ ಸ್ಪಷ್ಟವಾದ ನಿದರ್ಶನ ವಿರಳ.