ಬಾಲಿನ್‌ನ ಗೋರಿಯ ಮುಂದೆ ನಿಂತುಬಿಟ್ಟ ಮೇಷ್ಟ್ರು

'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾ ನೋಡಿದವರಿಗೆ ಮೋರಿಯಾದ ಗಣಿ ನೆನಪಿರುತ್ತದೆ. ಕತ್ತಲೊಳಗೆ ನಡೆದು ಬಂದ ಫ್ರೋಡೊ ಮತ್ತವನ ಗೆಳೆಯರು ಬಾಲಿನ್ ಎಂಬ ಕುಳ್ಳನ ಗೋರಿಯ ಮುಂದೆ ನಿಲ್ಲುತ್ತಾರೆ. ತೆರೆಯ ಮೇಲೆ ಅದು ಕೆಲವೇ ನಿಮಿಷಗಳ ಮಾತು. ಆದರೆ ಆ ಕಥೆ ಬರೆದ ಜೆ.ಆರ್.ಆರ್. ಟೋಲ್ಕಿನ್ ಅದೇ ಗೋರಿಯ ಮುಂದೆ ಹೆಚ್ಚುಕಡಿಮೆ ಒಂದು ವರ್ಷ ನಿಂತಿದ್ದರು. ಮುಂದೆ ಏನಾಗುತ್ತದೆ ಎಂಬುದು ಅವರಿಗೇ ಗೊತ್ತಿರಲಿಲ್ಲ!

1892ರಲ್ಲಿ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೈನ್‌ನಲ್ಲಿ ಹುಟ್ಟಿದ ಟೋಲ್ಕಿನ್ ಬೆಳೆದದ್ದು ಇಂಗ್ಲೆಂಡಿನಲ್ಲಿ. ನಾಲ್ಕು ವರ್ಷದವರಿದ್ದಾಗ ಅಪ್ಪ ತೀರಿಕೊಂಡರು, ಹನ್ನೆರಡಕ್ಕೆ ಅಮ್ಮನೂ ಹೋದರು. ಮೊದಲ ಮಹಾಯುದ್ಧದಲ್ಲಿ ಸೊಮ್ ಕದನಕ್ಕೆ ಹೋಗಿ, ಕಂದಕದ ಜ್ವರ ಹಿಡಿದು, ಜೀವಂತವಾಗಿ ಮರಳಿದರು. ಶಾಲೆಯ ಆಪ್ತ ಗೆಳೆಯರಿಬ್ಬರು ಮರಳಲಿಲ್ಲ. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಕಲಿಸುವ ಪ್ರಾಧ್ಯಾಪಕರಾದರು. ಮನೆಯಲ್ಲಿ ನಾಲ್ಕು ಮಕ್ಕಳು, ಸಂಬಳ ಸಾಲದು. ಬೇಸಿಗೆ ರಜೆಯಲ್ಲಿ ಉತ್ತರ ಪತ್ರಿಕೆ ತಿದ್ದಿ ನಾಲ್ಕು ಕಾಸು ಸೇರಿಸುತ್ತಿದ್ದರು. ಹಾಗೆ ತಿದ್ದುವಾಗ ಯಾರೋ ಪುಣ್ಯಾತ್ಮ ಖಾಲಿ ಬಿಟ್ಟಿದ್ದ ಪುಟದ ಮೇಲೆ ಗೀಚಿದ ಒಂದು ಸಾಲೇ 'ದ ಹಾಬಿಟ್' ಕಾದಂಬರಿಯ ಮೊದಲ ವಾಕ್ಯವಾಯಿತು. ಉತ್ತರ ಬರೆಯದೆ ಪುಟ ಖಾಲಿ ಬಿಟ್ಟವನಿಂದಲೂ ಸಾಹಿತ್ಯಕ್ಕೆ ಉಪಕಾರವಾಗುವುದುಂಟು ಅಂತಾಯಿತು.

ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಆ ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟು ಓದಿಸಿದರು. ಅಭಿಪ್ರಾಯ ಬರೆದುಕೊಟ್ಟದ್ದಕ್ಕೆ ಹುಡುಗನಿಗೆ ಸಿಕ್ಕ ಕೂಲಿ ಒಂದು ಶಿಲ್ಲಿಂಗ್. ಹುಡುಗ ಮೆಚ್ಚಿದ. 1937ರ ಸೆಪ್ಟೆಂಬರ್‌ನಲ್ಲಿ ಬಂದ ಪುಸ್ತಕದ ಮೊದಲ ಮುದ್ರಣದ 1500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಖಾಲಿ. ಅನ್ವಿನ್ ಮುಂದಿನ ಭಾಗ ಕೇಳಿದರು.

ಕಷ್ಟ ಶುರುವಾದದ್ದೇ ಇಲ್ಲಿಂದ.

ಟೋಲ್ಕಿನ್ ಹತ್ತಿರ ಮುಂದಿನ ಭಾಗ ಇರಲೇ ಇಲ್ಲ. ಇದ್ದದ್ದು ಯೌವನದಿಂದ ಬರೆಯುತ್ತಾ ಬಂದಿದ್ದ ಪುರಾಣ, 'ಸಿಲ್ಮರಿಲಿಯನ್'. ಅದನ್ನು ಕಳಿಸಿದರೆ ಪ್ರಕಾಶಕರು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಹಾಬಿಟ್‌ಗಳು. ಸರಿ, ಅದೇ ಡಿಸೆಂಬರ್‌ನಲ್ಲಿ ಹೊಸ ಕಥೆಯ ಮೊದಲ ಅಧ್ಯಾಯ ಬರೆದರು. ಎರಡು ತಿಂಗಳೊಳಗೆ ಪ್ರಕಾಶಕರಿಗೆ ಪತ್ರ: ಒಳ್ಳೆಯ ಐಡಿಯಾಗಳನ್ನೆಲ್ಲ ಮೊದಲ ಪುಸ್ತಕದಲ್ಲೇ ಖರ್ಚು ಮಾಡಿಬಿಟ್ಟೆ, ಈಗ ಕೈ ಬರಿದು ಎಂಬ ಅರ್ಥದ್ದು.

ಕೈ ಬರಿದಾದಾಗ ಅವರು ಮಾಡುತ್ತಿದ್ದುದು ಒಂದೇ. ಹಿಂದಕ್ಕೆ ಹೋಗಿ ಮೊದಲಿನಿಂದ ಬರೆಯುವುದು. ಮೊದಲ ಅಧ್ಯಾಯವನ್ನು ಮತ್ತೆ ಮತ್ತೆ ಬರೆದರು. ಈಗ ನಮಗೆಲ್ಲ ಗೊತ್ತಿರುವ ಫ್ರೋಡೊ ಆಗ ಬಿಂಗೋ ಆಗಿದ್ದ. ಒಂದು ಕರಡಿನಲ್ಲಿ ದಾರಿಯಲ್ಲಿ ಕುದುರೆಯೇರಿ ಬಂದವನು ಗ್ಯಾಂಡಾಲ್ಫ್ ಆಗಿದ್ದ; ಬರೆಯುತ್ತಿದ್ದ ಹಾಗೆಯೇ ಅವನು ಮೂಗರಳಿಸಿ ವಾಸನೆ ಹಿಡಿಯುವ ಕಪ್ಪು ಸವಾರನಾಗಿ ಬದಲಾದ. ಆ ಸವಾರ ಯಾರು ಅಂತ ಲೇಖಕರಿಗೂ ಆಗ ತಿಳಿಯದು. ಮುಂದೆ ರಾಜನಾಗುವ ಅರಗಾರ್ನ್ ಇದ್ದಾನಲ್ಲ, ಮೊದಲು ಛತ್ರದ ಮೂಲೆಯಲ್ಲಿ ಕೂತಿದ್ದ ಅವನು ಮರದ ಬೂಟು ಹಾಕಿಕೊಂಡ ಟ್ರಾಟರ್ ಎಂಬ ಹಾಬಿಟ್! ಅವನು ಯಾರೆಂದು ತೀರ್ಮಾನವಾಗಲು ಎಷ್ಟೋ ಕರಡುಗಳು ಬೇಕಾದವು. ಇದನ್ನು ಓದಿದಾಗ ನನಗಂತೂ ತುಂಬಾ ಸಮಾಧಾನವಾಯಿತು. ದೊಡ್ಡ ಲೇಖಕರು ಎಲ್ಲವನ್ನೂ ಮೊದಲೇ ಯೋಚಿಸಿಕೊಂಡು ಕೂರುತ್ತಾರೆ ಎಂಬುದು ನಾವು ಕಟ್ಟಿಕೊಂಡ ಭ್ರಮೆ.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಪಾಠದ ಜೊತೆಗೆ ವಾಯುದಾಳಿ ಕಾವಲಿನ ಕೆಲಸವೂ ಬಿತ್ತು. ಕಾಗದಕ್ಕೆ ಬರ. ಮತ್ತದೇ ಪರೀಕ್ಷೆಯ ಹಾಳೆಗಳ ಹಿಂಬದಿಯೇ ಗತಿ. ಕಥೆ ಮೋರಿಯಾ ತಲುಪಿ, ಗೋರಿಯ ಮುಂದೆ ನಿಂತೇಹೋಯಿತು. ಮತ್ತೆ ಕದಲಿ ಮಹಾನದಿಯ ತನಕ ಬಂದಾಗ 1941 ಮುಗಿಯುತ್ತಿತ್ತು. 1942ರ ಡಿಸೆಂಬರ್‌ನಲ್ಲಿ ಪ್ರಕಾಶಕರಿಗೆ ಮತ್ತೊಂದು ಪತ್ರ ಬರೆದು, 31ನೇ ಅಧ್ಯಾಯಕ್ಕೆ ಬಂದಿದ್ದೇನೆ, ಇನ್ನು ಕನಿಷ್ಠ ಆರು ಅಧ್ಯಾಯ ಬೇಕಾದೀತು ಎಂದು ಲೆಕ್ಕ ಕೊಟ್ಟರು. ಕೊನೆಗೆ ಆದದ್ದು 62 ಅಧ್ಯಾಯ! ಈ ಲೆಕ್ಕ ಕೊಟ್ಟ ಮೇಲೆ 1943 ಪೂರ್ತಿ ಪೆನ್ನು ಹೆಚ್ಚುಕಡಿಮೆ ನಿಂತೇಹೋಯಿತು.

ವಯಸ್ಸು ಐವತ್ತು ದಾಟಿತ್ತು. ಕೈಗೆತ್ತಿಕೊಂಡ ಪುರಾಣವೂ ಮುಗಿದಿಲ್ಲ, ಈ ಕಥೆಯೂ ಮುಗಿಯುತ್ತಿಲ್ಲ. ಆ ಭಯ ಅವರನ್ನು ಎಷ್ಟು ಕಾಡಿತ್ತೆಂದು ತಿಳಿಯಲು 'ಲೀಫ್ ಬೈ ನಿಗ್ಗಲ್' ಎಂಬ ಅವರ ಸಣ್ಣಕಥೆ ಓದಬೇಕು. ನಿಗ್ಗಲ್ ಒಬ್ಬ ಸಣ್ಣ ಚಿತ್ರಕಾರ. ದೊಡ್ಡ ಮರವೊಂದರ ಚಿತ್ರ ಬರೆಯಲು ಹೊರಟವನು ಒಂದೊಂದೇ ಎಲೆಯನ್ನು ತಿದ್ದುತ್ತಾ ಕೂರುತ್ತಾನೆ. ಅಕ್ಕಪಕ್ಕದವರ ಕೆಲಸ, ರಿಪೇರಿ, ಅಡ್ಡಿ ಒಂದೆರಡಲ್ಲ. ಅವನಿಗೊಂದು ಪ್ರಯಾಣ ಕಾದಿದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಚಿತ್ರ ಅರ್ಧಕ್ಕೇ ಉಳಿಯುತ್ತದೆ. ಟೋಲ್ಕಿನ್ ಮಂಚದಿಂದಲೇ ಕಾಣುತ್ತಿದ್ದ ನೆರೆಮನೆಯ ಪಾಪ್ಲರ್ ಮರವೊಂದರ ಕೊಂಬೆಗಳನ್ನು ಯಾರೋ ಕಡಿದುಹಾಕಿದ್ದರು. ಆ ಸಂಕಟವೂ ಕಥೆಯಲ್ಲಿದೆ. ವರ್ಷಗಟ್ಟಲೆ ಒಂದು ಪುಸ್ತಕದ ಜೊತೆ ಗುದ್ದಾಡುತ್ತಿದ್ದ ಮನುಷ್ಯ ಒಂದು ಬೆಳಿಗ್ಗೆ ಎದ್ದಾಗ ಈ ಕಥೆ ಇಡಿಯಾಗಿ ತಲೆಯಲ್ಲಿತ್ತಂತೆ, ಕೂತು ಬರೆದುಬಿಟ್ಟರು. ನನ್ನ ಕೇಳಿದರೆ, ಮೂರು ಸಂಪುಟ ಓದಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ಓದಬೇಕು.

ಕಟ್ಟೆ ಒಡೆದದ್ದು 1944ರಲ್ಲಿ. ಅದಕ್ಕೆ ಇಬ್ಬರು ಕಾರಣ.

ಒಬ್ಬರು ಗೆಳೆಯ ಸಿ.ಎಸ್. ಲೂಯಿಸ್. ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿನ ಅವರ ಕೋಣೆಯಲ್ಲಿ ಗುರುವಾರ ರಾತ್ರಿ ಗೆಳೆಯರ ಗುಂಪು ಸೇರಿ ತಾವು ಬರೆದದ್ದನ್ನು ಓದುವ ರೂಢಿ ಇತ್ತು. ಮಾರ್ಚ್ ಕೊನೆಯಲ್ಲಿ ಊಟಕ್ಕೆ ಸಿಕ್ಕ ಲೂಯಿಸ್, ಮುಗಿಸಲೇಬೇಕೆಂದು ಪಟ್ಟು ಹಿಡಿದರು.

ಇನ್ನೊಬ್ಬ ಮಗ ಕ್ರಿಸ್ಟೋಫರ್. ಚಿಕ್ಕವನಿದ್ದಾಗ ಅಪ್ಪ ಹಾಬಿಟ್ ಕಥೆ ಓದುತ್ತಿದ್ದರೆ ನಡುವೆ ಬಾಯಿ ಹಾಕಿ, ಹೋದ ಸಲ ಬಾಗಿಲಿನ ಬಣ್ಣ ಬೇರೆ ಹೇಳಿದ್ದಿರಿ ಎಂದು ತಪ್ಪು ಹಿಡಿಯುತ್ತಿದ್ದ ಮಗ ಇವನು. ಈಗ 19ರ ತರುಣ, ವಾಯುಪಡೆಯ ತರಬೇತಿಗೆಂದು ದೂರದ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ. ಅಪ್ಪ ಅವನಿಗೆ ಪತ್ರದ ಮೇಲೆ ಪತ್ರ ಬರೆದರು. ಏಪ್ರಿಲ್‌ನಲ್ಲಿ ಕಥೆಯನ್ನು ಮತ್ತೆ ಕೈಗೆತ್ತಿಕೊಂಡರು. ಅಧ್ಯಾಯ ಮುಗಿದಂತೆಲ್ಲ ಟೈಪ್ ಆಗಿ ಸಮುದ್ರ ದಾಟಿ ಹೋಗುತ್ತಿತ್ತು. ಇದೀಗ ಅವರು ಬರೆಯುತ್ತಿದ್ದುದು ಪ್ರಕಾಶಕರಿಗಲ್ಲ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಮುಂದೇನಾಯಿತು ಎಂದು ಕಾಯುತ್ತಿದ್ದ ಒಬ್ಬ ಹುಡುಗನಿಗೆ.

ಹಾಗಂತ ನೀರು ಹರಿದ ಹಾಗೆ ಹರಿಯಲಿಲ್ಲ. ಮೇ ತಿಂಗಳಲ್ಲಿ ಒಂದು ದಿನ ನೋಡಿದರೆ ಕಥೆಯ ಚಂದ್ರ ಎಡವಟ್ಟು ಮಾಡಿಕೊಂಡಿದ್ದ: ಒಂದು ಸೀಮೆಯಲ್ಲಿ ಹುಟ್ಟುವ ಹೊತ್ತಿಗೇ ಇನ್ನೊಂದರಲ್ಲಿ ಮುಳುಗುತ್ತಿದ್ದ! ಹಿಂದಿನ ಅಧ್ಯಾಯಗಳ ಚಂದ್ರೋದಯ ಸರಿಪಡಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. ಇನ್ನೊಂದು ದಿನ ಕಾಡಿನ ನಡುವೆ ಫಾರಮಿರ್ ಎಂಬ ಹೊಸ ಪಾತ್ರ ಕರೆಯದೇ ನಡೆದು ಬಂತು. ಅಪ್ಪನಿಗೆ ಅವನ ಮೇಲೆ ಪ್ರೀತಿ ಉಕ್ಕಿತು, ಮಗನಿಗೆ ಸುದ್ದಿ ಹೋಯಿತು. ಎರಡೇ ತಿಂಗಳಲ್ಲಿ ಫ್ರೋಡೊ ಮತ್ತು ಸ್ಯಾಮ್ ಶತ್ರುವಿನ ಗಡಿ ಮುಟ್ಟಿದರು. ಕೊನೆಯ ಅಧ್ಯಾಯ ಕೇಳಿದ ಲೂಯಿಸ್ ಕಣ್ಣೀರು ಹಾಕಿದರು.

ಆಮೇಲೆ ಮತ್ತೆ ಬ್ರೇಕ್. ಫ್ರೋಡೊ ಶತ್ರುವಿನ ಕೈಗೆ ಸಿಕ್ಕಿದ್ದಾನೆ, ಸ್ಯಾಮ್ ಮುಚ್ಚಿದ ಬಾಗಿಲ ಹೊರಗೆ ಬಿದ್ದಿದ್ದಾನೆ. ಆ ಇಬ್ಬರೂ 1946ರವರೆಗೆ ಹಾಗೆಯೇ ಇದ್ದರು. ಯುದ್ಧ ಮುಗಿಯಿತು, ಮಗ ಮನೆಗೆ ಬಂದ, ಅಪ್ಪ ಮತ್ತೆ ಕೂತರು. ಗೆದ್ದು ಬಂದ ಫ್ರೋಡೊ ಮತ್ತು ಸ್ಯಾಮ್‌ಗೆ ಜನ ಜಯಕಾರ ಹಾಕುವ ಪುಟ ಬರೆಯುವಾಗ ಟೋಲ್ಕಿನ್ ಕಣ್ಣೀರಿನಿಂದ ಹಾಳೆ ತೊಯ್ದಿತ್ತು. ಟೈಪ್ ಮಾಡಿಸಲು ದುಡ್ಡಿಲ್ಲದೆ ಬಹುಪಾಲು ತಾವೇ ಕುಟ್ಟಿ, 1949ರಲ್ಲಿ ಪೂರ್ತಿ ಮಾಡಿದರು. ಶುರುವಾಗಿ 12 ವರ್ಷ ಆಗಿತ್ತು.

'ಸಿಲ್ಮರಿಲಿಯನ್' ಜೊತೆಗೇ ಅಚ್ಚಾಗಬೇಕೆಂಬ ಹಟದಲ್ಲಿ ಇನ್ನೂ ಮೂರು ವರ್ಷ ಹೋಯಿತು. ಕೊನೆಗೆ 1952ರಲ್ಲಿ ಹಸ್ತಪ್ರತಿ ಒಯ್ಯಲು ಆಕ್ಸ್‌ಫರ್ಡ್‌ಗೆ ಬಂದದ್ದು ಯಾರು ಗೊತ್ತಾ? ಒಂದು ಶಿಲ್ಲಿಂಗ್ ಪಡೆದ ಅದೇ ರೇನರ್, ಈಗ 26ರ ಯುವಕ. ಸಾವಿರ ಪೌಂಡ್ ನಷ್ಟವಾದರೂ ಆಗಲಿ ಎಂದು ಅಪ್ಪನ ಒಪ್ಪಿಗೆ ಪಡೆದುಕೊಂಡಿದ್ದ. ಪುಸ್ತಕ ಬಹಳ ದಪ್ಪವಾದ್ದರಿಂದ ಮೂರು ಸಂಪುಟ ಮಾಡಿದರು.

ಎರಡನೇ ಸಂಪುಟ ಬಂದದ್ದು 1954ರ ನವೆಂಬರ್‌ನಲ್ಲಿ. ಅದು ಮುಗಿಯುವುದು ಸ್ಯಾಮ್ ಮುಚ್ಚಿದ ಬಾಗಿಲ ಹೊರಗೆ ಬಿದ್ದಿರುವಲ್ಲಿಗೆ, ಅಂದರೆ ಬರೆದವರೇ ಎರಡು ವರ್ಷ ಸಿಕ್ಕಿಹಾಕಿಕೊಂಡ ಜಾಗಕ್ಕೆ. ಓದುಗರು ಅಲ್ಲಿ ಹನ್ನೊಂದು ತಿಂಗಳು ಕಾದರು. ಮೂರನೆಯದು ಕೈಗೆ ಸಿಗುವಾಗ 1955ರ ಅಕ್ಟೋಬರ್ 20. ತಡವಾದದ್ದಕ್ಕೆ ಕಾರಣ ಕಥೆಯಲ್ಲ, ಅದು ಮುಗಿದು ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಕೊನೆಯಲ್ಲಿ ಸೇರಿಸಬೇಕಿದ್ದ ಅನುಬಂಧಗಳನ್ನು ತಿದ್ದುತ್ತಾ ಕೂತಿದ್ದರು.