ಹಾಜಿ ಪೀರ್ ಬಿಟ್ಟುಕೊಟ್ಟು ಶಾಂತಿಗೆ ಸಹಿ: ತಾಷ್ಕೆಂಟ್‌ನಲ್ಲಿ ಶಾಸ್ತ್ರಿ ತೆತ್ತ ಬೆಲೆ

1964ರ ಜೂನ್ 9ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಪ್ರಧಾನಿಯಾದಾಗ ಹೊರದೇಶಗಳಿಗೆ ಅವರ ಪರಿಚಯ ಕಡಿಮೆ ಇತ್ತು. 17 ವರ್ಷ ಭಾರತವೆಂದರೆ ನೆಹರೂ ಎಂದೇ ಜಗತ್ತು ತಿಳಿದಿತ್ತು. 1962ರಲ್ಲಿ ಚೀನಾ ವಿರುದ್ಧದ ಸೋಲಿನಿಂದ ದೇಶದ ವರ್ಚಸ್ಸೂ ಕುಗ್ಗಿತ್ತು. ಪಂಚೆ ಉಟ್ಟ, ಕುಳ್ಳಗಿನ, ಮೆಲುಮಾತಿನ ಹೊಸ ಪ್ರಧಾನಿಯನ್ನು ದುರ್ಬಲ ನಾಯಕನೆಂದು ಅಂದಾಜಿಸಿದವರು ಹಲವರು.

1904ರ ಅಕ್ಟೋಬರ್ 2ರಂದು ಮೊಘಲ್‌ಸರಾಯ್‌ನಲ್ಲಿ ಹುಟ್ಟಿದ ಶಾಸ್ತ್ರಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡವರು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಬಾರಿ ಜೈಲು ಸೇರಿದವರು. 1956ರ ಅರಿಯಲೂರು ರೈಲು ದುರಂತದ ನೈತಿಕ ಹೊಣೆ ಹೊತ್ತು ರೈಲ್ವೆ ಸಚಿವ ಸ್ಥಾನ ತ್ಯಜಿಸಿದ್ದರು.

ಮೊದಲ ಒಪ್ಪಂದ

1964ರ ಅಕ್ಟೋಬರ್‌ನಲ್ಲಿ ಸಿಲೋನ್ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಜತೆ ಶಾಸ್ತ್ರಿ ಒಪ್ಪಂದ ಮಾಡಿಕೊಂಡರು. ಅಲ್ಲಿನ ಭಾರತ ಮೂಲದವರ ಪೈಕಿ 5.25 ಲಕ್ಷ ಮಂದಿಯನ್ನು ಭಾರತ ಸ್ವೀಕರಿಸುವುದು, 3 ಲಕ್ಷ ಮಂದಿಗೆ ಸಿಲೋನ್ ಪೌರತ್ವ ಕೊಡುವುದು ಎಂದು ತೀರ್ಮಾನವಾಯಿತು. ನೆರೆಯ ದೇಶದ ಜತೆಗಿನ ಬಿಕ್ಕಟ್ಟು ತಿಳಿಯಾಯಿತಾದರೂ, ತಲೆಮಾರುಗಳಿಂದ ಚಹಾ ತೋಟಗಳಲ್ಲಿ ದುಡಿದವರ ಬದುಕು ಲೆಕ್ಕದ ಅಂಕಿಯಾಯಿತು ಎಂಬ ಟೀಕೆಯೂ ಉಳಿಯಿತು.

ಯುದ್ಧ ಮತ್ತು ಸಂಧಾನ

1965ರ ಏಪ್ರಿಲ್‌ನಲ್ಲಿ ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್, ಶಾಸ್ತ್ರಿ ಅವರ ಭೇಟಿಯನ್ನು ಏಕಪಕ್ಷೀಯವಾಗಿ ಮುಂದೂಡಿದರು. ದೇಶ ಅಮೆರಿಕದ ಗೋಧಿಯನ್ನು ನೆಚ್ಚಿಕೊಂಡಿದ್ದ ಕಾಲವದು. ಆದರೂ ಶಾಸ್ತ್ರಿ ಮತ್ತೆ ಆಹ್ವಾನಕ್ಕಾಗಿ ಕಾದು ಕೂರಲಿಲ್ಲ. ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟಕ್ಕೆ ತೆರಳಿದರು.

ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರದೊಳಗೆ ನುಸುಳುಕೋರರನ್ನು ಕಳುಹಿಸಿತು. ಭಾರತೀಯ ಸೇನೆ ಹಾಜಿ ಪೀರ್ ಕಣಿವೆಮಾರ್ಗವನ್ನು ವಶಪಡಿಸಿಕೊಂಡಿತು. ಸೆಪ್ಟೆಂಬರ್ 6ರಂದು ಲಾಹೋರ್‌ನತ್ತ ಅಂತರರಾಷ್ಟ್ರೀಯ ಗಡಿ ದಾಟಿತು. ಶಾಸ್ತ್ರಿ ದುರ್ಬಲರೆಂಬ ಅಂದಾಜು ಅಲ್ಲಿಗೆ ಸುಳ್ಳಾಯಿತು.

ಕದನವಿರಾಮದ ಬಳಿಕ ಸೋವಿಯತ್ ಪ್ರಧಾನಿ ಅಲೆಕ್ಸಿ ಕೊಸಿಗಿನ್ ಮಧ್ಯಸ್ಥಿಕೆಯಲ್ಲಿ ತಾಷ್ಕೆಂಟ್‌ನಲ್ಲಿ ಮಾತುಕತೆ ನಡೆಯಿತು. 1966ರ ಜನವರಿ 10ರಂದು ಶಾಸ್ತ್ರಿ ಮತ್ತು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸಹಿ ಹಾಕಿದರು. ಎರಡೂ ಸೇನೆಗಳು 1965ರ ಆಗಸ್ಟ್ 5ರ ಹಿಂದಿನ ನೆಲೆಗಳಿಗೆ ಮರಳಬೇಕಿತ್ತು. ಅಂದರೆ, ಸೈನಿಕರು ಪ್ರಾಣ ಕೊಟ್ಟು ಗೆದ್ದ ಹಾಜಿ ಪೀರ್ ಕೈಬಿಟ್ಟುಹೋಯಿತು.

ಯುದ್ಧದಲ್ಲಿ ಬಗ್ಗದ, ಸಂಧಾನಕ್ಕೂ ಹಿಂಜರಿಯದ ದೇಶವೆಂಬ ಹೆಸರು ಭಾರತಕ್ಕೆ ಹೊರಗೆ ಸಿಕ್ಕಿತು. ಒಳಗೆ ಆಕ್ರೋಶ ಭುಗಿಲೆದ್ದಿತು. ಕೇಂದ್ರ ಸಚಿವ ಮಹಾವೀರ್ ತ್ಯಾಗಿ ಒಪ್ಪಂದ ವಿರೋಧಿಸಿ ರಾಜೀನಾಮೆ ಕೊಟ್ಟರು.

ಸಹಿ ಹಾಕಿದ ಕೆಲವೇ ಗಂಟೆಗಳಲ್ಲಿ, ಜನವರಿ 11ರ ನಸುಕಿಗೆ ಮುನ್ನ, ಶಾಸ್ತ್ರಿ ತಾಷ್ಕೆಂಟ್‌ನಲ್ಲೇ ನಿಧನರಾದರು. ಅವರ ಶವಪೆಟ್ಟಿಗೆಗೆ ಕೊಸಿಗಿನ್ ಜತೆ ಅಯೂಬ್ ಖಾನ್ ಕೂಡ ಹೆಗಲು ಕೊಟ್ಟರು. ಆದರೆ ಆ ಸಹಿಯನ್ನು ಯೋಧರ ಕುಟುಂಬಗಳ ಮುಂದೆ, ಸಂಸತ್ತಿನ ಮುಂದೆ ಸಮರ್ಥಿಸಿಕೊಳ್ಳುವ ಅವಕಾಶ ಶಾಸ್ತ್ರಿ ಅವರಿಗೆ ಸಿಗಲೇ ಇಲ್ಲ.