ದುರ್ವಾಸನೆ ಮರದ ಮದ್ದು ಕಂಡವರು: ಡಾ. ಗೋವಿಂದಾಚಾರಿ

ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ, ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡದ ಮನೆಗಳಿವೆ. ಗಡಹಿಂಗ್ಲಜದಿಂದ ಪಶ್ಚಿಮಕ್ಕೆ ಸರಿದರೆ ಆಜರಾ, ಚಂದಗಡಗಳ ಘಟ್ಟದ ಕಾಡು. ಆ ಘಟ್ಟದಲ್ಲಿ ಬೆಳೆಯುವ ಸಣ್ಣದೊಂದು ಮರಕ್ಕೆ ಮರಾಠಿಯಲ್ಲಿ ನರಕ್ಯಾ ಎಂದು ಹೆಸರು. ಕನ್ನಡದಲ್ಲಿ ದುರ್ವಾಸನೆ ಮರ. ಹೂ ಬಿಟ್ಟಾಗ ಮೂಗು ಮುಚ್ಚಿಕೊಂಡೇ ಹತ್ತಿರ ಹೋಗಬೇಕು. ಕ್ಯಾನ್ಸರಿಗೆ ಮದ್ದಾಗುವ ವಸ್ತು ಅದರಲ್ಲಿದೆಯೆಂದು ತೋರಿಸಿಕೊಟ್ಟವರು ಡಾ. ಟಿ. ಆರ್. ಗೋವಿಂದಾಚಾರಿ.

ಗೋವಿಂದಾಚಾರಿಯವರು 1915ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ರೋಜರ್ ಆಡಮ್ಸ್ ಅವರ ಬಳಿ ಪಳಗಿ, ಮರಳಿ ಅದೇ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಆಗ ನಮ್ಮ ಕಾಸರಗೋಡೂ ಮದ್ರಾಸು ಪ್ರಾಂತಕ್ಕೆ ಸೇರಿತ್ತೆಂಬುದನ್ನು ಹಿರಿಯರಿಗೆ ನೆನಪಿಸಬೇಕಾಗಿಲ್ಲ. ಉಬ್ಬಸಕ್ಕೆ ನಾಟಿ ವೈದ್ಯರು ಕೊಡುವ ಆಡುಮುಟ್ಟದ ಬಳ್ಳಿಯ ಸಾರವಸ್ತುವಿನ ರಚನೆಯನ್ನು ಬಿಡಿಸಿದ್ದು ಅವರ ಹೆಸರಾಂತ ಕೆಲಸಗಳಲ್ಲೊಂದು. 1960ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಬಳಿಕ ಮುಂಬಯಿಯ ಗೋರೆಗಾಂವಿನಲ್ಲಿದ್ದ ಸಿಬಾ ಸಂಶೋಧನ ಕೇಂದ್ರದ ನಿರ್ದೇಶಕರಾದರು.

ಇನ್ನು ಚೀನಾದ ಕಡೆಗೆ ನೋಡೋಣ. ಅಲ್ಲಿ 'ಸಂತಸದ ಮರ' ಎಂಬರ್ಥದ ಹೆಸರಿನ ಮರವೊಂದನ್ನು ಜನರು ಮದ್ದಿಗೆ ಬಳಸುತ್ತಿದ್ದರು. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ನಮ್ಮ ದೇಶದವರೇ ಆದ ಮನ್ಸುಖ್ ವಾನಿ ಆ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಚೀನಾದ ಮರದಲ್ಲಿ ಅದು ಸಿಗುವುದು ಅತ್ಯಲ್ಪ. 1972ರಲ್ಲಿ ಗೋವಿಂದಾಚಾರಿಯವರೂ ಸಹೋದ್ಯೋಗಿ ವಿಶ್ವನಾಥನ್ ಅವರೂ ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿ ಅದೇ ವಸ್ತು ಹಲವು ಪಟ್ಟು ಹೆಚ್ಚಾಗಿದೆಯೆಂದು ಪ್ರಕಟಿಸಿದರು. ಬಂಧುತ್ವವಿಲ್ಲದ ಎರಡು ಮರಗಳಲ್ಲಿ ಒಂದೇ ವಿಷ! ಹೌದು, ವಿಷವೇ.

ಅದು ಕೆಲಸ ಮಾಡುವ ಬಗೆಯನ್ನು ಇಚಲಕರಂಜಿಯ ನೇಕಾರರಿಗೆ ಸುಲಭವಾಗಿ ಹೇಳಬಹುದು. ಜೀವಕೋಶ ಎರಡಾಗುವ ಮುನ್ನ ಅದರ ಡಿಎನ್‌ಎ ನೂಲು ಸಿಕ್ಕು ಬಿಡಿಸಿಕೊಳ್ಳಬೇಕು. ಅದಕ್ಕಾಗಿ ಒಂದು ಕಿಣ್ವ ಒಂದೆಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಗಂಟು ಹಾಕುತ್ತದೆ. ಕ್ಯಾಂಪ್ಟೊಥೆಸಿನ್ ಈ ಗಂಟು ಬೀಳದಂತೆ ತಡೆಯುತ್ತದೆ. ಇಡೀ ನೂಲು ಕಡಿದು ಕೋಶ ಸಾಯುತ್ತದೆ. ಇದು ತಿಳಿದುದು 1985ರಲ್ಲಿ. ಅದಕ್ಕೂ ಮುಂಚೆ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ರಾಸಾಯನಿಕವಾಗಿ ಮಾರ್ಪಡಿಸಿದ ಬಳಿಕವಷ್ಟೇ ಅದರಿಂದ ಇರಿನೋಟೆಕಾನ್, ಟೊಪೊಟೆಕಾನ್ ಎಂಬ ಔಷಧಗಳಾದವು. ಚೀನಾದಲ್ಲಿ ಇದರ ಇನ್ನೊಂದು ರೂಪವನ್ನು ಪಿತ್ತಜನಕಾಂಗದ ಕ್ಯಾನ್ಸರಿಗೂ ಕೊಟ್ಟಿದ್ದಾರೆ.

ಇಷ್ಟು ಓದಿ ಯಾರೂ ಆ ಮರದ ತೊಗಟೆ ತಂದು ಕಷಾಯಕ್ಕಿಡಬಾರದು. ಕಾಮಾಲೆ ಎಂದೊಡನೆ ಬೇರು, ತೊಗಟೆಗಳತ್ತ ನಮ್ಮವರ ಕೈ ಹೋಗುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ನೀರಿನಿಂದ ಕಾಮಾಲೆ ಹಬ್ಬಿ ಸಾವುಗಳಾದವು. ಅಂತಹ ಹೊತ್ತಿನಲ್ಲಿ ಯಾರ ಮಾತನ್ನಾದರೂ ನಂಬಬೇಕೆನಿಸುತ್ತದೆ. ಆದರೆ ಇರಿನೋಟೆಕಾನನ್ನು ಮೈಯಿಂದ ಹೊರಹಾಕುವುದೇ ಪಿತ್ತಜನಕಾಂಗ. ಅದು ಸೊರಗಿದವರಲ್ಲಿ ಮದ್ದು ಮೈಯಲ್ಲೇ ಉಳಿದು ಹೆಚ್ಚು ಕೆಡುಕು ಮಾಡುತ್ತದೆ. ರಕ್ತ ಪರೀಕ್ಷೆ ನೋಡಿ ಪ್ರಮಾಣ ಇಳಿಸುವ ವೈದ್ಯರ ಕೆಲಸವನ್ನು ಅಡುಗೆಮನೆಯ ಮಡಕೆ ಮಾಡಲಾರದು. ಪ್ರಯೋಗಶಾಲೆಯ ಗಾಜಿನಲ್ಲಿ ಕ್ಯಾನ್ಸರಿನ ಕೋಶ ಸತ್ತಿತೆಂದರೆ ಹಾಸಿಗೆಯಲ್ಲಿರುವವರು ಎದ್ದರು ಎಂದೂ ಅಲ್ಲ.

ಮರದ ಕಥೆ ಮಾತ್ರ ಸಂಕಟದ್ದು. ಬೇಡಿಕೆ ಏರಿದಂತೆ ಸಹ್ಯಾದ್ರಿಯುದ್ದಕ್ಕೂ ಅದನ್ನು ಬೇರುಸಹಿತ ಕಿತ್ತು ಸಾಗಿಸಿದರು.

ಗೋವಿಂದಾಚಾರಿಯವರು ಮುಪ್ಪಿನಲ್ಲೂ ಸುಮ್ಮನೆ ಕುಳಿತವರಲ್ಲ. ಮದ್ರಾಸಿಗೆ ಮರಳಿ, ಸ್ಪಿಕ್ ವಿಜ್ಞಾನ ಪ್ರತಿಷ್ಠಾನದಲ್ಲಿ ಬೇವಿನ ಬೀಜದ ಸಾರಗಳನ್ನು ಬೇರ್ಪಡಿಸುತ್ತಿದ್ದರು. 1996ರಲ್ಲಿ ಅಮೆರಿಕವು ಆ ಎರಡು ಔಷಧಗಳಿಗೆ ಅನುಮತಿ ಕೊಟ್ಟಾಗ ಅವರಿಗೆ ಎಂಬತ್ತು ದಾಟಿತ್ತು. 2001ರಲ್ಲಿ ತೀರಿಕೊಂಡರು.